ಪ್ರಕೃತಿಯ ಛಾಯಾಚಿತ್ರದಲ್ಲಿ ಸತ್ಯ ಮತ್ತು ಸೌಂದರ್ಯ: ಕೋಲಾರದ ಚಿನ್ನದ ಗಣಿಗಳ ಪ್ರದೇಶವನ್ನು ಕುರಿತ ವಿಚಾರ

1

ಕಾವ್ಯದ ಗುಣದೋಷವಿಚಾರ ನಮ್ಮಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಚಿತ್ರಶಿಲ್ಪಗಳ ವಿಮರ್ಶೆಯೂ ತಕ್ಕಮಟ್ಟಿಗೆ ನಡೆದಿದೆ. ಛಾಯಾಚಿತ್ರವನ್ನು, ಅದರಲ್ಲಿಯೂ ಕಾಡು, ಮೃಗ, ಪಕ್ಷಿ, ಕಡಲತೀರಗಳ ಛಾಯಾಚಿತ್ರವನ್ನು ಇಂಥ ವಿಚಾರಕ್ಕೆ ಒಳಪಡಿಸಿದವರು ವಿರಳ. ‘ಸೊಗಸಾಗಿದೆ’ ಎಂದು ಹೇಳಿ ಹಾಳೆ ಮಗುಚುವುದೇ ವಾಡಿಕೆಯಾಗಿದೆ. ಯಂತ್ರವು ಎದುರಿಗಿದ್ದುದನ್ನು ಇದ್ದಂತೆಯೇ ಗ್ರಹಿಸುವುದಾದಕಾರಣ ಅದು ಸುಳ್ಳಾಡಲಾರದೆಂಬ ನಂಬಿಕೆಯೇ ಇದಕ್ಕೆ ಕಾರಣವಾಗಿರಬಹುದು. ಈ ನಂಬಿಕೆಯನ್ನು ಒರೆಗೆ ಹಚ್ಚುವುದಕ್ಕೆ ಕೋಲಾರ ಜಿಲ್ಲೆಯ ಚಿನ್ನದ ಗಣಿಗಳ ಪ್ರದೇಶಕ್ಕಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ.

ಬಂಗಾರಪೇಟೆಯಲ್ಲಿ ಕವಲೊಡೆದ ರೈಲುದಾರಿಯು ಮಾರಿಕುಪ್ಪದಲ್ಲಿ ಮುಗಿಯುತ್ತದೆ. ಈ ಸೀಮೆಯಲ್ಲಿ ಮಾಸಲುಬಣ್ಣದ, ಮರಗಿಡಗಳು ವಿರಳವಾದ ದೊಡ್ಡ ದಿಬ್ಬಗಳು ಕಾಣಬರುತ್ತವೆ. ಜನರು ಇವನ್ನು ಸೈನೈಡ್ ದಿಬ್ಬಗಳೆಂದು ಕರೆಯುವರು. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿಯವರ ಕೈಯಲ್ಲಿ ಬೆಳೆದು, 2001ರ ಫೆಬ್ರವರಿ 28ರಂದು ಮುಚ್ಚಿಹೋದ ಗಣಿಗಳಿಂದ ಮೇಲೆ ಬಂದ ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನವನ್ನು ಸೆಳೆದುಕೊಂಡ ಬಳಿಕ ಉಳಿದ ಪುಡಿಯ ರಾಶಿಗಳಿವು. ಇಂಥ 13 ದಿಬ್ಬಗಳಲ್ಲಿ ಸುಮಾರು 3 ಕೋಟಿ 30 ಲಕ್ಷ ಟನ್ ಪುಡಿ ಇದೆಯೆಂದು ಲೆಕ್ಕ.

2

ಗಾಳಿಯು ಈ ಪುಡಿಯ ಮೇಲೆ ಅಲೆಯಲೆಯಾದ ಗೆರೆಗಳನ್ನು ಎಳೆಯುವುದು; ಮಳೆಯು ಇಳಿಜಾರಿನಲ್ಲಿ ಕೊರಕಲುಗಳನ್ನು ಕೊರೆಯುವುದು. ಸೂರ್ಯೋದಯದ ಓರೆಬೆಳಕಿನಲ್ಲಿ ಕ್ಯಾಮರಾವನ್ನು ನೆಲಕ್ಕೆ ಸಮೀಪವಾಗಿ ಹಿಡಿದು, ಗಣಿಬಾವಿಯ ಮೇಲಣ ಉಕ್ಕಿನ ಗೋಪುರವನ್ನೂ ಕಾರ್ಮಿಕರ ಮನೆಗಳ ಸಾಲನ್ನೂ ಚೌಕಟ್ಟಿನಿಂದ ಹೊರಗಿರಿಸಿದರೆ, ಆ ಚಿತ್ರಕ್ಕೂ ಕಡಲತೀರದ ಮರಳುದಿಣ್ಣೆಯ ಚಿತ್ರಕ್ಕೂ ಭೇದವೆಣಿಸುವುದು ಸುಲಭವಲ್ಲ. 2018ರ ‘ಕೆ.ಜಿ.ಎಫ್’ ಚಲನಚಿತ್ರಕ್ಕೆ ಈ ದಿಬ್ಬಗಳು ರಂಗಸ್ಥಳವಾದವು. ಕಲ್ಪಿತ ಕಥೆಗೆ ಆ ಸ್ವಾತಂತ್ರ್ಯ ಸಲ್ಲುವುದು. ಪ್ರಕೃತಿಚಿತ್ರವೆಂದು ಹೆಸರಿಟ್ಟುಕೊಂಡುದಕ್ಕೆ ಅಷ್ಟು ಸ್ವಾತಂತ್ರ್ಯ ಸಲ್ಲದು.

ಇದೇ ಪ್ರದೇಶದಲ್ಲಿ ನೀರಿನ ನಿಜವಾದ ಗುರುತೊಂದು ಇದೆ. ಪೆದ್ದಪಲ್ಲಿಯ ಬಳಿ ದಿಂಬಿನಾಕಾರದ ಲಾವಾಶಿಲೆಗಳು ಹೊರಚಾಚಿಕೊಂಡಿವೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳಿಗೆ ಕೊಟ್ಟಂತೆಯೇ ಇವುಗಳಿಗೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆಯನ್ನು ಕೊಟ್ಟಿರುವರು. ಕುದಿಯುವ ಶಿಲಾರಸವು ನೀರಿನೊಳಗೆ ಹರಿದು ಥಟ್ಟನೆ ತಣಿದಾಗ ಇಂಥ ದಿಂಬುಗಳು ಉಂಟಾಗುತ್ತವೆ. ಕೋಲಾರದ ಶಿಲಾಪಟ್ಟಿಯ ವಯಸ್ಸು ಸುಮಾರು 270 ಕೋಟಿ ವರ್ಷ. ಆದುದರಿಂದ ಕಡಲಿನಂತೆ ಕಾಣುವ ದಿಬ್ಬ ಗಿರಣಿಯ ಕಸ. ಕಡಲಿನಂತೆ ಕಾಣದ ಬಂಡೆಯೇ ಪುರಾತನ ಜಲರಾಶಿಗೆ ಸಾಕ್ಷಿ. ಬರಿಯ ಕಣ್ಣಿನ ತೀರ್ಪನ್ನು ನಂಬಿದ ಛಾಯಾಗ್ರಾಹಕನು ಮೊದಲನೆಯದನ್ನು ಹಿಡಿದು ಎರಡನೆಯದನ್ನು ದಾಟಿಹೋಗುವನು.

3

ಈ ದೋಷದ ಮೂಲವನ್ನು ಅರಿಯಬೇಕಾದರೆ ಈ ಕಲೆಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಇಂಗ್ಲೆಂಡಿನ ಕೆರ್ಟನ್ ಸಹೋದರರು 1892ರಲ್ಲಿ ಮೊಟ್ಟೆಗಳಿದ್ದ ಹಕ್ಕಿಗೂಡನ್ನು ಚಿತ್ರಿಸಿದರು. ಅಮೆರಿಕದ ಜಾರ್ಜ್ ಷೈರಾಸನು ಇರುಳಿನಲ್ಲಿ ಬೆಳಕು ಸಿಡಿಸಿ ತೆಗೆದ ಮೃಗಚಿತ್ರಗಳು 1906ರಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯಲ್ಲಿ ಪ್ರಕಟವಾದವು. ಭಾರತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್, ಹುಲಿಯು ತಂತಿಯನ್ನು ಎಡವಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಉಪಾಯ ಹೂಡಿದನು. ಅವನ ಗ್ರಂಥ 1927ರಲ್ಲಿ ಹೊರಬಂದಿತು. ಕನ್ನಡನಾಡಿನಲ್ಲಿ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ ಮೊದಲಾದವರು ಈ ಕಲೆಗೆ ಅಂತರರಾಷ್ಟ್ರೀಯ ಕೀರ್ತಿಯನ್ನು ತಂದರು. ಇವರೆಲ್ಲರ ಸಾಧನೆ ತಾಳ್ಮೆಯ ಸಾಧನೆ. ಬಂದೂಕಿನ ಜಾಗದಲ್ಲಿ ಕ್ಯಾಮರಾವನ್ನು ಇರಿಸಿದುದು ಸಾಮಾನ್ಯ ಉಪಕಾರವಲ್ಲ.

ಕಾಲಕ್ರಮದಲ್ಲಿ ಪ್ರದರ್ಶನಗಳೂ ಪದಕಗಳೂ ಹೆಚ್ಚಿದಂತೆ, ಮನುಷ್ಯನ ಸುಳಿವಿಲ್ಲದಿರುವುದೇ ಪ್ರಕೃತಿಚಿತ್ರದ ಲಕ್ಷಣವೆಂಬ ಶಾಸ್ತ್ರ ಹುಟ್ಟಿತು. ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ, ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ, ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್.ಐ.ಎ.ಪಿ. ಈ ಮೂರೂ 2014ರಲ್ಲಿ ಒಮ್ಮತದಿಂದ ಒಂದು ಲಕ್ಷಣವನ್ನು ನಿರ್ಣಯಿಸಿದವು. ಅದರಂತೆ ಮಾನವಕೃತ ವಸ್ತುಗಳು ಚಿತ್ರದಲ್ಲಿರಕೂಡದು. ಆದರೆ ಮನುಷ್ಯನು ಮಾರ್ಪಡಿಸಿದ ಪರಿಸರಕ್ಕೆ ಹೊಂದಿಕೊಂಡು ಬಾಳುವ ಕಣಜದ ಗೂಬೆ, ಕೊಕ್ಕರೆ ಮುಂತಾದವುಗಳ ವಿಷಯದಲ್ಲಿ ಅಪವಾದವುಂಟು. ಚಿತ್ರದೊಳಗಿನ ಅಂಶವನ್ನು ಅಳಿಸುವುದು ನಿಷಿದ್ಧ. ಅಂಚನ್ನು ಕತ್ತರಿಸುವುದಕ್ಕೆ ಮಾತ್ರ ಅನುಮತಿಯಿದೆ.

ಇಲ್ಲಿಯೇ ನಮ್ಮ ಆಕ್ಷೇಪ. ಚಿತ್ರದ ನಡುವಣ ವಿದ್ಯುತ್ತಿನ ತಂತಿಯನ್ನು ಅಳಿಸಿದರೆ ವಂಚನೆ, ಅಂಚಿನಲ್ಲಿರುವ ಗಣಿಗೋಪುರವನ್ನು ಕತ್ತರಿಸಿದರೆ ಕುಶಲತೆ ಎಂಬುದು ಯುಕ್ತವೇ? ನೋಡುವವನಿಗೆ ಎರಡರಿಂದಲೂ ಆಗುವ ಭ್ರಾಂತಿ ಒಂದೇ. ಆಯ್ಕೆಯಿಲ್ಲದೆ ಕಲೆಯಿಲ್ಲವಲ್ಲ ಎಂದು ಕೆಲವರು ಹೇಳಬಹುದು. ನಿಜ. ಚೌಕಟ್ಟು ಇರುವ ತನಕ ಬಿಡುವುದೂ ಇದ್ದೇ ಇರುವುದು. ಆದರೆ ಕ್ಷೇಮೇಂದ್ರನು ಕಾವ್ಯಕ್ಕೆ ವಿಧಿಸಿದ ಔಚಿತ್ಯವನ್ನು ಇಲ್ಲಿಗೂ ಅನ್ವಯಿಸಿ ನೋಡಿದರೆ, ಅರ್ಥವನ್ನು ಸ್ಫುಟಗೊಳಿಸುವ ಬಿಡುವಿಕೆ ಬೇರೆ, ಅರ್ಥವನ್ನೇ ತಿರುಗಿಸುವ ಬಿಡುವಿಕೆ ಬೇರೆ ಎಂಬುದು ತಿಳಿಯುವುದು.

ನಮ್ಮ ನಾಡಿನಲ್ಲಿ ಮನುಷ್ಯನನ್ನು ಕಳೆದ ಪ್ರಕೃತಿಯನ್ನು ಹುಡುಕುವುದೂ ಸುಲಭವಲ್ಲ. ಪಕ್ಷಿಚಿತ್ರಕಾರರಿಗೆ ಯಾತ್ರಾಸ್ಥಳವಾದ, 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ರಂಗನತಿಟ್ಟಿನ ನಡುಗಡ್ಡೆಗಳು 17ನೆಯ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಅಣೆಕಟ್ಟಿನಿಂದ ಆದವು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡುಕಟ್ಟುವುದು ಊರೊಳಗಿನ ಮರಗಳ ಮೇಲೆ, ಜನರ ಮನೆಗಳ ಬದಿಯಲ್ಲಿ. ಚಿನ್ನದ ಗಣಿಗಳಿಗೆ ನೀರೊದಗಿಸಿದ ಪಾಲಾರಿನ ಬೇತಮಂಗಲದ ಕೆರೆಯೂ ಮನುಷ್ಯನ ಕೈಕೆಲಸವೇ. ಈ ನೀರುಗಳ ಮೇಲೆ ರೆಕ್ಕೆಬಿಚ್ಚಿದ ಹಕ್ಕಿಯನ್ನು ಮಾತ್ರ ತೋರಿಸಿ ಏರಿಯನ್ನು ಮರೆಮಾಡಿದ ಚಿತ್ರವು ಹಕ್ಕಿಯ ಸೊಬಗನ್ನು ಹೇಳುವುದಲ್ಲದೆ ಅದರ ಬಾಳನ್ನು ಹೇಳುವುದಿಲ್ಲ.

4

ಇದು ಕೇವಲ ಲಕ್ಷಣಶಾಸ್ತ್ರದ ಚರ್ಚೆಯಲ್ಲ. ಗಣಿಗಳ ಸುತ್ತಣ ಹುಲ್ಲುಬಯಲಿನಲ್ಲಿ ಕೃಷ್ಣಮೃಗಗಳಿವೆ. ಗಡಿಯ ಕಾಮಸಮುದ್ರದ ಕಾಡಿಗೆ ಆನೆಗಳು ಬಂದುಹೋಗುತ್ತವೆ. ಕೃಷ್ಣಮೃಗವನ್ನು ದಿಬ್ಬದ ಗುರುತು ಸಿಕ್ಕದಂತೆ ಚಿತ್ರಿಸಿದರೆ, ಅದು ಎಲ್ಲಿಯೋ ದೂರದ ನಿರ್ಜನವಾದ ಬಯಲಿನ ಪ್ರಾಣಿಯೆನಿಸುವುದು. ದಿಬ್ಬವನ್ನು ಮೃಗವಿಲ್ಲದೆ ಚಿತ್ರಿಸಿದರೆ, ಆ ನೆಲವೆಲ್ಲ ಬರಿಯ ಪಾಳೆನಿಸುವುದು. ಎರಡು ಚಿತ್ರಗಳೂ ಸುಂದರವಾಗಿರಬಹುದು. ಎರಡೂ ಸೇರಿ ಆ ಮೃಗದ ನೆಲೆಯನ್ನು ಇಲ್ಲವಾಗಿಸುತ್ತವೆ. ಪಾಳೆಂದು ಕಂಡ ನೆಲದ ಪರವಾಗಿ ಮಾತಾಡುವವರು ಹುಟ್ಟುವುದಿಲ್ಲ.

2024ರ ಜೂನ್ ತಿಂಗಳಿನಲ್ಲಿ ರಾಜ್ಯದ ಸಚಿವ ಸಂಪುಟವು, ಸುಮಾರು 1,003 ಎಕರೆಯಲ್ಲಿ ಹರಡಿರುವ ಈ 13 ದಿಬ್ಬಗಳಲ್ಲಿ ಅಳಿದುಳಿದ ಚಿನ್ನವನ್ನು ತೆಗೆಯುವ ಪ್ರಸ್ತಾವಕ್ಕೆ ಸಮ್ಮತಿಯಿತ್ತಿತು. ಆ ಕಾರ್ಯ ನಡೆದರೆ ದಿಬ್ಬಗಳ ಆಕಾರ ಈಗಿನಂತೆ ಉಳಿಯದು. ಆಗ ನಮ್ಮ ಕೈಯಲ್ಲಿ ಉಳಿಯುವ ದಾಖಲೆಗಳಲ್ಲಿ ಛಾಯಾಚಿತ್ರಗಳೇ ಮುಖ್ಯವಾದವು. ಅವು ಮರಳುಗಾಡೆಂದೋ ಕಡಲತೀರವೆಂದೋ ಭ್ರಮೆಗೊಳಿಸುವಂಥವಾಗಿದ್ದರೆ ಮುಂದಿನವರಿಗೆ ಅವುಗಳಿಂದ ಆಗುವ ಪ್ರಯೋಜನವೇನು?

ಆದಕಾರಣ ಚಿತ್ರಕಾರರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಮೊದಲನೆಯದಾಗಿ, ಪ್ರತಿಯೊಂದು ಚಿತ್ರದ ಕೆಳಗೂ ಸ್ಥಳವನ್ನೂ ದಿನವನ್ನೂ ಚೌಕಟ್ಟಿನ ಹೊರಗೆ ಉಳಿದುದೇನೆಂಬುದನ್ನೂ ಬರೆಯತಕ್ಕದ್ದು. ಘೋರ್ಪಡೆಯವರು 1983ರಲ್ಲಿ ‘ಸನ್‌ಲೈಟ್ ಅಂಡ್ ಷ್ಯಾಡೋಸ್’ ಗ್ರಂಥವನ್ನು ದಿನಚರಿಯ ರೂಪದಲ್ಲಿ ಪ್ರಕಟಿಸಿದುದರಿಂದ ಚಿತ್ರಕ್ಕೆ ಮಾತಿನ ಆಸರೆ ದೊರೆಯಿತು. ಪೂರ್ಣಚಂದ್ರ ತೇಜಸ್ವಿಯವರು ‘ಹಕ್ಕಿಪುಕ್ಕ’ದಲ್ಲಿ ಹಕ್ಕಿಯ ಪರಿಚಯವನ್ನು ಕನ್ನಡದಲ್ಲಿಯೇ ಕೊಟ್ಟರು. ಎರಡನೆಯದಾಗಿ, ಸಮೀಪದ ಚಿತ್ರವೊಂದಕ್ಕೆ ಜೊತೆಯಾಗಿ ದೂರದ ಚಿತ್ರವೊಂದನ್ನು, ಗೋಪುರ, ದಿಬ್ಬ, ಮನೆಗಳ ಸಾಲು ಎಲ್ಲವೂ ಕಾಣುವಂತೆ ತೆಗೆದಿರಿಸತಕ್ಕದ್ದು. ಮೂರನೆಯದಾಗಿ, ಪ್ರದರ್ಶನಗಳ ತೀರ್ಪುಗಾರರು ಆ ಲಕ್ಷಣದಲ್ಲಿಯೇ ಹೇಳಿರುವ ಅಪವಾದವನ್ನು ಮರೆಯದೆ, ಗಣಿಯ ನೆಲದಲ್ಲಿ ಬಾಳುವ ಜೀವಿಗೂ ಅದೇ ನ್ಯಾಯವನ್ನು ಸಲ್ಲಿಸತಕ್ಕದ್ದು. ಹೀಗಾದಲ್ಲಿ ಸೈನೈಡ್ ದಿಬ್ಬದ ಮುಂದೆ ನಿಂತ ಕೃಷ್ಣಮೃಗದ ಚಿತ್ರವೂ ಪ್ರಕೃತಿಚಿತ್ರಗಳ ಸಾಲಿನಲ್ಲಿ ತನ್ನ ಸ್ಥಾನವನ್ನು ಪಡೆಯುವುದು.