ಗಾಂಜಾ ಮುಗಿದ ಮೇಲೆ ಆಲೂಗಡ್ಡೆ

ಮೈಕೆಲ್ ಪೋಲನ್‌ನ ‘ದಿ ಬಾಟನಿ ಆಫ್ ಡಿಸೈರ್’ (2001) ಓದಿದವರು ಮೊದಲು ನೆನೆಯುವುದು ಗಾಂಜಾ ಅಧ್ಯಾಯವನ್ನು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಮನೆಯ ಹಿತ್ತಲಲ್ಲಿ ಕದ್ದು ಬೆಳೆಸಿದ ಒಂದೆರಡು ಗಿಡ, ಸೌದೆ ತರುವವನೇ ಪೊಲೀಸ್ ಮುಖ್ಯಸ್ಥನೆಂದು ತಿಳಿದಾಗಿನ ಪೇಚಾಟ. ನಗು ಬರುತ್ತದೆ, ನಿಜ. ನನಗೆ ಹಿಡಿಸಿದ್ದು ಬೇರೆ. ಬೆಳಕಿನ ತಾಸು ಎಣಿಸಿ, ಗಂಡು ಗಿಡ ಕಿತ್ತು, ಹೆಣ್ಣು ಗಿಡ ಬೀಜ ಕಟ್ಟದಂತೆ ಕಾಯುವ ಬೆಳೆಗಾರರಲ್ಲಿ ಪೋಲನ್ ಪುಂಡರನ್ನಲ್ಲ, ತನ್ನ ತಲೆಮಾರಿನ ಅತ್ಯುತ್ತಮ ತೋಟಗಾರರನ್ನು ಕಾಣುತ್ತಾನೆ. ಇಷ್ಟು ಪಳಗಿದ ಕೈಗೆ ಟೊಮೆಟೊ, ಬದನೆ ಎಷ್ಟರದು? ಆ ಎಳೆಯನ್ನು ಆತ ಹಿಡಿದು ಹೋಗುವುದಿಲ್ಲ. ಹೋಗಬೇಕಿತ್ತು.

ಆದರೆ ಪುಸ್ತಕದ ಅನುಕ್ರಮವೇ ಆ ದಾರಿ ಹಿಡಿದಿದೆ. ಸೇಬು, ಟ್ಯೂಲಿಪ್, ಗಾಂಜಾ. ಕೊನೆಗೆ ತರಕಾರಿ ಮಡಿಯ ಆಲೂಗಡ್ಡೆ. ಪೋಲನ್ ನೆಟ್ಟದ್ದು ಎಲೆ ತಿನ್ನುವ ಜೀರುಂಡೆಗೆ ತಾನೇ ವಿಷ ತಯಾರಿಸುವ, ಮೊನ್ಸಾಂಟೊ ಕಂಪನಿಯ ‘ನ್ಯೂಲೀಫ್’ ತಳಿ. ಬೆಳೆದದ್ದನ್ನು ತಿನ್ನಬಹುದಿತ್ತು, ಮಾರಬಹುದಿತ್ತು. ಮುಂದಿನ ವರ್ಷದ ಬಿತ್ತನೆಗೆ ನಾಲ್ಕು ಗಡ್ಡೆ ಎತ್ತಿಡುವಂತಿರಲಿಲ್ಲ, ಪೇಟೆಂಟ್ ಅಡ್ಡ ಬರುತ್ತಿತ್ತು. ಗಾಂಜಾದಲ್ಲಿ ಗಿಡವೇ ಅಪರಾಧ, ಇಲ್ಲಿ ಬೀಜ ಉಳಿಸುವುದು. ಕಾನೂನಿನ ಭಯ ಬಿಟ್ಟು ನಿರಾಳವಾಗಿ ಸೊಪ್ಪು, ಗಡ್ಡೆ ಬೆಳೆಯೋಣ ಎಂದು ಬಂದವನ ಮುಂದೆ ಅದೇ ಕಾನೂನು ಬೀಜದ ಚೀಲದೊಳಗಿಂದ ಎದ್ದು ನಿಲ್ಲುತ್ತದೆ. ಪುಸ್ತಕದ ಅತಿ ಗಟ್ಟಿ ಭಾಗ ಇದೇ, ಗಾಂಜಾ ಅಲ್ಲ.

ಬೆಳೆ ಚೆನ್ನಾಗಿಯೇ ಬಂತು. ಆ ಗಡ್ಡೆಗಳನ್ನು ಪೋಲನ್ ತಿನ್ನಲಿಲ್ಲ.