ಫಿಸ್ಟುಲವೇ ಮೊದಲು: ಎಲ್ಲ ವಯಸ್ಸಿಗೂ ಸರಿಯೆ?

ಮೂತ್ರಪಿಂಡಗಳು ಸೋತಾಗ ಹೀಮೋಡಯಾಲಿಸಿಸ್ ಮಾಡುವುದು ನಿಮಗೆ ತಿಳಿದಿದೆ. ಸಾಮಾನ್ಯವಾಗಿ ವಾರಕ್ಕೆ 3 ಬಾರಿ, ಪ್ರತಿ ಬಾರಿ ಸುಮಾರು 4 ಗಂಟೆ, ಯಂತ್ರಕ್ಕೆ ನಿಮಿಷಕ್ಕೆ 300 ಮಿಲಿಲೀಟರ್‌ನಷ್ಟು ರಕ್ತ ಹರಿಯಬೇಕು. ತೋಳಿನ ಸಾಧಾರಣ ಅಭಿಧಮನಿ ಇಷ್ಟನ್ನು ಕೊಡಲಾರದು. ಅದಕ್ಕೆ ಮೂರು ದಾರಿಗಳಿವೆ. ಅಪಧಮನಿಗೆ ಅಭಿಧಮನಿಯನ್ನು ಹೊಲಿದು ಜೋಡಿಸಿದರೆ ಫಿಸ್ಟುಲ; ಇದನ್ನು 1966ರಲ್ಲಿ ಬ್ರೆಸಿಯಾ, ಸಿಮಿನೋ ಮತ್ತು ಸಂಗಡಿಗರು ವರದಿ ಮಾಡಿದರು. ಎರಡರ ನಡುವೆ ಕೃತಕ ಕೊಳವೆಯಿಟ್ಟರೆ ಗ್ರಾಫ್ಟ್. ಕುತ್ತಿಗೆಯ ದೊಡ್ಡ ಅಭಿಧಮನಿಯೊಳಗೆ ತೂರಿಸಿಟ್ಟ ನಳಿಕೆಯೇ ಕ್ಯಾತಿಟರ್.

ಅಮೆರಿಕದಲ್ಲಿ 2003ರಲ್ಲಿ ‘ಫಿಸ್ಟುಲ ಫಸ್ಟ್’ ಕಾರ್ಯಕ್ರಮ ಆರಂಭವಾಯಿತು. ಡಯಾಲಿಸಿಸ್ ರೋಗಿಗಳಲ್ಲಿ ಶೇ 66 ಮಂದಿಗೆ ಫಿಸ್ಟುಲ ಇರಬೇಕೆಂಬ ಗುರಿಯನ್ನೂ ಹಾಕಿಕೊಳ್ಳಲಾಯಿತು. ಉದ್ದೇಶ ಒಳ್ಳೆಯದೇ. ಕ್ಯಾತಿಟರಿನಿಂದ ಸೋಂಕು ನೇರ ರಕ್ತಕ್ಕೆ ಇಳಿಯಬಲ್ಲದು. ಚೆನ್ನಾಗಿ ಬಲಿತ ಫಿಸ್ಟುಲ ವರ್ಷಗಟ್ಟಲೆ ಬಾಳುತ್ತದೆ. ನನ್ನ ಆಕ್ಷೇಪ ಫಿಸ್ಟುಲದ ಮೇಲಲ್ಲ. 40ರ ವಯಸ್ಸಿನವರಿಗೂ 80ರವರಿಗೂ ಒಂದೇ ಅಳತೆಗೋಲು ಹಿಡಿದದ್ದರ ಮೇಲೆ.

ಮೊದಲು ಭೌತವಿಜ್ಞಾನ. ಒತ್ತಡ ಅಷ್ಟೇ ಇದ್ದರೆ, ಕೊಳವೆಯ ತ್ರಿಜ್ಯ ಎರಡು ಪಟ್ಟಾದಾಗ ಹರಿವು 16 ಪಟ್ಟಾಗುತ್ತದೆ. ಜೀವಂತ ರಕ್ತನಾಳಕ್ಕೆ ಈ ನಿಯಮ ಸರಿಸುಮಾರಾಗಿ ಮಾತ್ರ ಅನ್ವಯಿಸಿದರೂ ಸೂಚನೆ ಸ್ಪಷ್ಟ: ನಾಳ ಹಿಗ್ಗಿದರಷ್ಟೇ ಫಿಸ್ಟುಲ ಕೆಲಸಕ್ಕೆ ಬರುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆ ಇರುವ ವೃದ್ಧರಲ್ಲಿ ಅಪಧಮನಿಯ ಗೋಡೆಯಲ್ಲಿ ಕ್ಯಾಲ್ಸಿಯಂ ಸೇರಿ ಅದು ಪೆಡಸಾಗಿರುತ್ತದೆ. ಹಿಗ್ಗುವುದಾದರೂ ಹೇಗೆ? ಎಲ್ಲ ವಯಸ್ಸಿನವರೂ ಇದ್ದ, 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪರೀಕ್ಷೆಯಲ್ಲೇ ಹೊಸ ಫಿಸ್ಟುಲಗಳಲ್ಲಿ ಸುಮಾರು ಶೇ 60 ಡಯಾಲಿಸಿಸಿಗೆ ಒದಗಲಿಲ್ಲ. ಫಿಸ್ಟುಲ ಬಲಿಯಲು ತಿಂಗಳುಗಳೇ ಬೇಕು. ಡಯಾಲಿಸಿಸ್ ಆಗಲೇ ಶುರುವಾಗಿದ್ದರೆ ಅಷ್ಟು ಕಾಲವೂ ರೋಗಿಗೆ ಕ್ಯಾತಿಟರೇ ಗತಿ. ಯಾವುದನ್ನು ತಪ್ಪಿಸಲು ಹೊರಟೆವೋ ಅದೇ ಉಳಿಯಿತು!

ಎರಡನೆಯದು ಅಂಕಿಅಂಶದ ದೋಷ. ಫಿಸ್ಟುಲ ಇದ್ದವರು ಹೆಚ್ಚು ಕಾಲ ಬದುಕುತ್ತಾರೆ, ನಿಜ. ಆದರೆ ಶಸ್ತ್ರಕ್ರಿಯೆಗೆ ಆರಿಸಲ್ಪಟ್ಟವರು ಮೊದಲೇ ಗಟ್ಟಿಯಾಗಿದ್ದವರಲ್ಲವೆ? ತುರ್ತಾಗಿ ಬಂದ ಬಲಹೀನರಿಗೆ ಕ್ಯಾತಿಟರ್ ಹಾಕುತ್ತಾರೆ. 2017ರ ಒಂದು ವಿಶ್ಲೇಷಣೆ ಇದನ್ನೇ ತೋರಿಸಿತು: ಫಿಸ್ಟುಲಕ್ಕೆ ಯತ್ನಿಸಿ, ಅದು ವಿಫಲವಾಗಿ ಕ್ಯಾತಿಟರಿನಲ್ಲೇ ಆರಂಭಿಸಿದವರೂ, ಯತ್ನವನ್ನೇ ಮಾಡದೆ ಕ್ಯಾತಿಟರ್ ಪಡೆದವರಿಗಿಂತ ಹೆಚ್ಚು ಬದುಕುಳಿದರು. ಲಾಭದ ಬಹುಪಾಲು ನಾಳದ್ದಲ್ಲ, ಮನುಷ್ಯನದು.

ಇದರರ್ಥ ಕ್ಯಾತಿಟರ್ ನಿರಪಾಯ ಎಂದಲ್ಲ. ಸೋಂಕಿನ ಭಯ ಸುಳ್ಳಾಗಿಲ್ಲ. ಕೆಲವೇ ವಾರಗಳಲ್ಲಿ ಬಳಸಬಹುದಾದ ಗ್ರಾಫ್ಟ್ ಅನೇಕ ವೃದ್ಧರಿಗೆ ನಡುದಾರಿ. ಅದು ಮತ್ತೆ ಮತ್ತೆ ಕಟ್ಟಿಕೊಳ್ಳುವುದುಂಟು. ಆದರೆ ಇನ್ನುಳಿದ ಆಯುಸ್ಸು ಕಡಿಮೆಯಿದ್ದಾಗ, ಹತ್ತು ವರ್ಷ ಬಾಳುವ ನಾಳಕ್ಕಿಂತ ಮುಂದಿನ ತಿಂಗಳು ಒದಗುವ ನಾಳ ದೊಡ್ಡದು.

ಅಮೆರಿಕದ ರಾಷ್ಟ್ರೀಯ ಮೂತ್ರಪಿಂಡ ಪ್ರತಿಷ್ಠಾನದ 2019ರ ಮಾರ್ಗಸೂಚಿ ಹಳೆಯ ಹಟವನ್ನು ಬಿಟ್ಟು, ಪ್ರತಿ ರೋಗಿಗೂ ಅವರದೇ ಜೀವನಯೋಜನೆ ಇರಲಿ ಎಂದಿತು. ಇದು ಸ್ವಾಗತಾರ್ಹ. ಅದರ ಹಲವು ಸಲಹೆಗಳು ತಜ್ಞರ ಅಭಿಪ್ರಾಯವನ್ನೇ ನೆಚ್ಚಿವೆ ಎಂಬುದು ಉಳಿದ ಕೊರತೆ.

ನಿಮ್ಮ ಮನೆಯ ಹಿರಿಯರಿಗೆ ಈ ಪ್ರಸಂಗ ಬಂದರೆ ವೈದ್ಯರನ್ನು ಕೇಳಿ: ಈ ನಾಳ ಬಲಿಯುವ ಸಂಭವವೆಷ್ಟು? ಎಷ್ಟು ಶಸ್ತ್ರಕ್ರಿಯೆ ಬೇಕಾದೀತು? ಕಾಯುವಾಗ ಏನು ಗತಿ? ಶೇಕಡಾವಾರು ಗುರಿ ಆಸ್ಪತ್ರೆಯದು. ತೋಳು ಮಾತ್ರ ಅವರದು.