ಸಿಂಹಗಡದ ಬಿಸಿ ಭಾಕರಿ
ಪುಣೆಯಿಂದ ಸುಮಾರು 30 ಕಿ.ಮೀ. ದೂರದ ಸಿಂಹಗಡ ಹತ್ತಿದವರೆಲ್ಲ 1670ರಲ್ಲಿ ಅಲ್ಲಿ ಕಾದಾಡಿ ಮಡಿದ ಮರಾಠಾ ಸೇನಾನಿ ತಾನಾಜಿ ಮಾಲುಸರೆಯನ್ನು ನೆನೆಯುತ್ತಾರೆ. ನಾನು ಕೋಟೆಯ ಮೇಲೆ ಒಲೆ ಹೂಡಿದ ತಾಯಂದಿರಿಗೂ ಕೈಮುಗಿಯುತ್ತೇನೆ.

ಬಿಸಿನೀರಲ್ಲಿ ನಾದಿದ ಜೋಳದ ಹಿಟ್ಟನ್ನು ಅವರು ತಟ್ಟುವಾಗ ಭಾಕರಿ ಅಂಗೈಯಡಿ ತಾನೇ ತಿರುಗುತ್ತದೆ. ಅಂಚು ಎಲ್ಲೂ ಬಿರಿಯದು. ಹೆಂಚಿಗೆ ಹಾಕಿದೊಡನೆ ಮೇಲೆ ನೀರು ಸವರಿ, ಆ ತೇವ ಪೂರ್ತಿ ಆರುವ ಮುನ್ನವೇ ಮಗುಚುತ್ತಾರೆ. ಕೆಂಡಕ್ಕೆ ಒಡ್ಡಿದರೆ ಬುಸ್ಸೆಂದು ಉಬ್ಬುತ್ತದೆ. ಜೊತೆಗೆ ಬೆಳ್ಳುಳ್ಳಿ ಘಮದ ಕಡಲೆಹಿಟ್ಟಿನ ಪಿಠಲ, ಹಸಿಮೆಣಸಿನಕಾಯಿಯ ಠೇಚಾ. ಕೊನೆಗೆ ಪುಟ್ಟ ಮಡಕೆಯ ಮೊಸರು: ಮಣ್ಣು ನೀರು ಹೀರಿಕೊಂಡು ಅದನ್ನು ಗಡ್ಡೆಯಂತೆ ಗಟ್ಟಿಯಾಗಿಸಿರುತ್ತದೆ.

ಹಿಟ್ಟು, ಹಾಲು ಎಲ್ಲವನ್ನೂ ಬೆಟ್ಟದ ಮೇಲಕ್ಕೆ ತಂದು, ಹತ್ತಿ ದಣಿದವರಿಗೆ ಬಿಸಿಬಿಸಿ ಬಡಿಸುವ ಆ ಕೈಗಳ ಹದಕ್ಕೆ ಸಾಟಿಯಿಲ್ಲ.